ಬಲಗಡೆಯ ಚೀಲ

ಬನಹಟ್ಟಿಯ ಮಗ್ಗದ ಶೆಡ್ಡಿನಿಂದ ಸೋಮಲಿಂಗ ಹನ್ನೊಂದು ವರ್ಷ ಪಾಯಖಾನೆಗೆ ಓಡಿದ್ದ. ದೊಡ್ಡ ಕರುಳಿನಲ್ಲಿ ಹುಣ್ಣು. ದಿನಕ್ಕೆ ಹದಿನೈದು ಸಲ, ರಕ್ತ ಸಮೇತ. ಅವನು ಓಡಿದಾಗಲೆಲ್ಲ ಮಗ್ಗ ನಿಲ್ಲುತ್ತಿತ್ತು, ಅಣ್ಣ ರಾಮಲಿಂಗಪ್ಪನ ಬೈಗುಳ ಶುರುವಾಗುತ್ತಿತ್ತು. ಕಡೆಗೆ ಬೆಳಗಾವಿಯಲ್ಲಿ ಆ ಕರುಳನ್ನೇ ತೆಗೆದರು. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಗಡೆ ಹೊರಗೆ ತಂದು ಹೊಲಿದು, ಅದರ ಮೇಲೆ ಚೀಲ ಅಂಟಿಸಿ ಮನೆಗೆ ಕಳಿಸಿದರು.

ಅಷ್ಟರಲ್ಲಿ ಅಣ್ಣ ಅವನ ಮಂಚವನ್ನು ನೂಲು ಇಡುವ ಕೋಣೆಯಲ್ಲಿ ಹಾಕಿಸಿದ್ದ. ತಾಟು ಬೇರೆ, ಚರಿಗೆ ಬೇರೆ.

“ನನಗೇನ ಅಂಟುರೋಗ ಬಂದೈತೇನ?” ಎಂದು ಹೆಂಡತಿ ವಂದನಾಳನ್ನು ಕೇಳಿದ.

“ಮಂದಿ ಬಂದು ಹೋಗೋ ಮನಿ ಅಂತಾರ ಭಾವಾರು.”

ಅವನ ಸಿಟ್ಟು ಮೊದಲು ಬಿದ್ದದ್ದು ಅವಳ ಮೇಲೆಯೇ. ಕರುಳಿನ ಬಾಯಿಯ ಅಳತೆಗೆ ಕತ್ತರಿಸಬೇಕಾದ ಚೀಲದ ತೂತನ್ನು ಅವಳು ದೊಡ್ಡದಾಗಿ ಕತ್ತರಿಸಿದ್ದಳು. ಸಂದಿಯಲ್ಲಿ ಸೋರಿ ಚರ್ಮ ಬೆಂದಂತೆ ಕೆಂಪಾಗಿತ್ತು. ಕತ್ತರಿ ಕಸಿದು ಗೋಡೆಗೆ ಎಸೆದ.

“ನನ್ನ ಹೇಲ ಬಳಿಯಾಕ ನಿನಗ ಯಾರ ಕರದಾರ?”

ವಂದನಾ ಕತ್ತರಿ ಎತ್ತಿ ಅವನ ಕೈಗೇ ಕೊಟ್ಟಳು. “ಯಾರೂ ಕರದಿಲ್ಲ. ಇನ್ನ ಮ್ಯಾಲ ನೀವ ಮಾಡ್ಕೋರಿ.”

ಅಂದು ಅವನು ಹೊಟ್ಟೆಯ ಮೇಲಿನ ಆ ಕೆಂಪು ಬಾಯನ್ನು ಮೊದಲ ಸಲ ಸರಿಯಾಗಿ ನೋಡಿದ. ಅಂಗಿ ಎಳೆದು ಮುಚ್ಚಿಬಿಟ್ಟ. ಆದರೂ ಆಸ್ಪತ್ರೆಯವರು ಕೊಟ್ಟ ಅಳತೆಯ ಕಾಗದ ಇಟ್ಟುಕೊಂಡು ಕತ್ತರಿಸಿದ. ಮೊದಲನೆಯ ಚೀಲ ಕೆಟ್ಟಿತು. ಎರಡನೆಯದು ಕೂತಿತು, ಮೂರು ದಿನ ಸೋರಲಿಲ್ಲ.

ಡಾಕ್ಟರು ಹೇಳಿದ್ದ ಎರಡು ತಿಂಗಳ ವಿಶ್ರಾಂತಿ ಮುಗಿದ ದಿನ ಶೆಡ್ಡಿಗೆ ಹೋದ. ರಾಮಲಿಂಗಪ್ಪ ಬಾಗಿಲಿಗೆ ಅಡ್ಡ ನಿಂತ.

“ಒಳಗ ಬರಬ್ಯಾಡ. ಸೀರಿ ಮ್ಯಾಲ ಸೋರಿದ್ರ ಯಾರ ತಗೋತಾರ?”

“ಹನ್ನೊಂದ ವರ್ಷ ರಕ್ತ ಸೋರಿಸ್ಕೋತ ನಿನ್ನ ಸೀರಿ ನೇಯ್ದೇನಿ. ಆವಾಗ ನಿನಗ ಹೇಸಿಗಿ ಬರಲಿಲ್ಲ. ಸರಿ ಅತ್ತಾಗ.”

ಭುಜದಿಂದ ತಳ್ಳಿಕೊಂಡು ಒಳಗೆ ಹೋಗಿ ಮಗ್ಗ ಚಾಲೂ ಮಾಡಿದ. ಒಂದು ತಾಸು, ಎರಡು, ಮೂರು. ಓಡಬೇಕಾಗಲಿಲ್ಲ. ಚೀಲ ಭಾರವಾದಾಗ ತಾನೇ ಹೊತ್ತು ನೋಡಿ ಎದ್ದು, ಖಾಲಿ ಮಾಡಿ ಬಂದ. ಸಂಜೆ ಸೀರೆ ಕಡಿದು ಮಡಚುವಾಗ ಅವನ ಕಣ್ಣು ತುಂಬಿತ್ತು.

ರಾಮಲಿಂಗಪ್ಪ ಆ ಸೀರೆಯನ್ನು ಎತ್ತಿಕೊಂಡು, ಎಲ್ಲ ಕೆಲಸಗಾರರ ಎದುರು ಮೂಸಿ ನೋಡಿದ.

ಸೋಮಲಿಂಗ ಮಗ್ಗದ ಮೋಟರ್ ಬಂದ್ ಮಾಡಿದ. “ಅಪ್ಪನ ನಾಕ ಮಗ್ಗದಾಗ ಎರಡ ನನ್ನವು. ನಾಳಿ ಬಿಚ್ಚಸ್ತೇನಿ.”

ಪಕ್ಕದ ರಬಕವಿಯಲ್ಲಿ ಬಾಡಿಗೆ ಕೋಣೆ ಹಿಡಿದು ಎರಡೂ ಮಗ್ಗ ಹಾಕಿದ. ವಂದನಾ ಕಂಡಿಕೆಗೆ ನೂಲು ಸುತ್ತುತ್ತಾಳೆ. ಅಣ್ಣತಮ್ಮ ಎದುರಾದರೆ ಇಬ್ಬರೂ ಮುಖ ತಿರುವುತ್ತಾರೆ. ಬೇಸಿಗೆಯಲ್ಲಿ ಬೆವರಿಗೆ ಚೀಲದ ಅಂಟು ಬಿಡುತ್ತದೆ. ಸೋಮಲಿಂಗ ಕೆಟ್ಟದಾಗಿ ಬೈಯುತ್ತಾನೆ, ಬದಲಿಸಿಕೊಂಡು ಬಂದು ಮತ್ತೆ ಮಗ್ಗದ ಮುಂದೆ ನಿಲ್ಲುತ್ತಾನೆ.