ಏಳನೆಯ ಮನೆಯ ಕುಜ

ಮಾಗಡಿಯ ಜೋಯಿಸರಾದ ವೀರಭದ್ರಯ್ಯನವರು ಕುಸುಮಳ ಜಾತಕವನ್ನು ಅರ್ಧ ಬರೆದು ತಲೆಯೆತ್ತಿದರು. ಚಾಪೆಯ ಒಂದು ಬದಿಗೆ ಕುಸುಮ ಮತ್ತು ಅವಳ ತಾಯಿ ದಾಸಮ್ಮ, ಇನ್ನೊಂದು ಬದಿಗೆ ಹುಡುಗನ ತಾಯಿ ವರಲಕ್ಷ್ಮಿ. ಬಿಡದಿಯ ಕಾರ್ಖಾನೆಯಲ್ಲಿರುವ ಮುತ್ತುರಾಜು ಕುಸುಮಳನ್ನೇ ಮದುವೆಯಾಗುವೆನೆಂದು ಹಟ ಹಿಡಿದಿದ್ದ. ಜಾತಕ ಕೂಡಿದರೆ ಮಾತ್ರ ಎಂಬ ಷರತ್ತಿನ ಮೇಲೆ ವರಲಕ್ಷ್ಮಿ ಒಪ್ಪಿದ್ದಳು.

“ಗುರುವಿಗೆ ಏಳರಲ್ಲಿ ಚಂದ್ರ. ಗಜಕೇಸರಿ ಯೋಗ ಕಣಮ್ಮ, ಸೇರಿದ ಮನೆ ಬೆಳಗ್ತಾಳೆ.”

“ಆನೆನೂ ಬಂತು, ಸಿಂಹನೂ ಬಂತು. ನಮ್ಮಟ್ಟೀಲಿ ಕುರಿ ಬುಟ್ರೆ ಏನೂ ಇಲ್ವಲ್ಲ ಅಯ್ನೋರೆ!” ಎಂದು ದಾಸಮ್ಮ ನಕ್ಕಳು. ವರಲಕ್ಷ್ಮಿಯೂ ನಕ್ಕಳು.

“ಇನ್ನು ಜನ್ಮಲಗ್ನ ಗಟ್ಟಿಯಾಗ್ಬೇಕು. ಹುಟ್ಟಿದ ಹೊತ್ತು ಯಾವುದು?”

“ಆಸಾಡ್ದಲ್ಲಿ, ಸಂಜೆ. ಕುರಿ ರೊಪ್ಪಕ್ಕೆ ಬರೋ ಹೊತ್ತು.”

“ಬರೋಕೆ ಮುಂಚೆಯೋ, ಬಂದ್ಮೇಲೋ?”

ಕುರಿಗಳು ರೊಪ್ಪ ಸೇರಿ, ದೀಪ ಹಚ್ಚಿದ ಮೇಲೆಯೇ ಕುಸುಮ ಹುಟ್ಟಿದ್ದಳು. ಆದರೆ ಮಂದೆ ಒಳಗೆ ಬಂದ ಮೇಲೆ ಹೆಣ್ಣು ಹುಟ್ಟಿದರೆ ಕುರಿ ಏಳಿಗೆಯಾಗದೆಂಬುದು ದಾಸಮ್ಮನ ಅತ್ತೆಯ ನಂಬಿಕೆ. ಬಾಣಂತಿಗೆ ಬೈಗುಳ ತಪ್ಪಲೆಂದು ಸೂಲಗಿತ್ತಿ ಅಂದು ಬೇರೆ ಹೊತ್ತು ಹೇಳಿದ್ದಳು. ದಾಸಮ್ಮನೂ ಅದನ್ನೇ ಹೇಳುತ್ತ ಬಂದಿದ್ದಳು. ವರಲಕ್ಷ್ಮಿಯದೂ ಕುರಿ ಸಾಕುವ ಮನೆ.

“ಮುಂಚೆ,” ಎಂದಳು ದಾಸಮ್ಮ.

ಜೋಯಿಸರು ಬಹಳ ಹೊತ್ತು ಲೆಕ್ಕ ಹಾಕಿದರು.

“ಹಾಗಾದ್ರೆ ಧನುರ್ಲಗ್ನ. ಗಂಡನ ಸ್ಥಾನವಾದ ಏಳನೇ ಮನೆಯಲ್ಲಿ ಕುಜ ಕೂತಿದ್ದಾನೆ. ಇಬ್ಬರಿಗೂ ಕುಜದೋಷ ಇದ್ದಿದ್ರೆ ಒಂದಕ್ಕೊಂದು ಕಳೀತಿತ್ತು, ಹುಡುಗನಿಗೆ ಇಲ್ಲ.” ಅವರ ದನಿಯಲ್ಲಿ ಮರುಕವಿತ್ತು. “ದೀಪ ಹಚ್ಚೋ ಹೊತ್ತಾಗಿದ್ರೆ ಮಕರ ಲಗ್ನ ಬರ್ತಿತ್ತು. ಕುಜ ಆರಕ್ಕೆ ಹೋಗಿ ದೋಷವೇ ಇರ್ತಿರಲಿಲ್ಲ.”

“ದೀಪ ಹಚ್ಚಿತ್ತು ಅಯ್ನೋರೆ! ಕುರಿ ಎಲ್ಲಾ ಬಂದ್ಬುಟ್ಟಿದ್ವು! ನಮ್ಮತ್ತೆಗೆ ಎದರ್ಕೊಂಡು ಸುಳ್ಳೇಳಿದ್ದು ಕಣಪ್ಪ!”

“ಏನ್ ದಾಸಕ್ಕ,” ವರಲಕ್ಷ್ಮಿ ಸೆರಗು ಸರಿಪಡಿಸಿಕೊಂಡಳು, “ಅಯ್ನೋರು ಕರೀತಿದ್ದಂಗೆ ನಿನ್ ಕುರಿ ಓಡೋಡಿ ಬಂದ್ವಲ್ಲ!”

“ನನ್ನಾಣೆ ವರಲಕ್ಷ್ಮಿ. ಸೂಲಗಿತ್ತಿ ಬದುಕಿದ್ದಿದ್ರೆ ಅವಳೇ ಏಳೋಳು.”

“ಸತ್ತೋರನ್ನ ಸಾಕ್ಸಿಗೆ ಕರೀಬ್ಯಾಡ ಕಣಕ್ಕ. ನಂಗಿರೋನು ಒಬ್ನೇ ಮಗ.” ಅವಳು ತಂದಿದ್ದ ಎಲೆಯಡಿಕೆಯನ್ನು ಚೀಲಕ್ಕೆ ಹಾಕಿಕೊಂಡು, ಜೋಯಿಸರಿಗೆ ಕೈಮುಗಿದು, ಬಸ್ಸಿಗೆ ಹೊರಟಳು.

ದಾಸಮ್ಮ ಜೋಯಿಸರ ಕಾಲು ಹಿಡಿದಳು. “ತಿದ್ದಿ ಬರ್ಕೊಡಿ ಬುದ್ಧಿ.”

“ಬರೆಯೋದೇನು, ಈಗಲೇ ಬರೀತೀನಿ ತಾಯಿ. ಅದನ್ನ ಆಯಮ್ಮ ನಂಬಬೇಕಲ್ಲ?”

ದಾಸಮ್ಮ ಮಗಳತ್ತ ತಿರುಗಿದಳು. ಕುಸುಮ ಅಳುತ್ತಿರಲಿಲ್ಲ. ತಾಯಿಯ ಮುಖವನ್ನೇ ದಿಟ್ಟಿಸಿ ಮೆಲ್ಲಗೆ ಕೇಳಿದಳು:

“ನಿಜ್ವಾಗ್ಲೂ ದೀಪ ಹಚ್ಚಿತ್ತೇನವ್ವ?”