ಹಗಲಲ್ಲಿ ಉರಿಯುವ ಬಲ್ಬು

ಜೇವರ್ಗಿಯ ನಮ್ಮ ಮನೆಗೆ ಬೆಳಕು ಬರುವುದು ಒಂದೇ ಕಿಟಕಿಯಿಂದ. ಅದರ ಕೆಳಗೆ ಅತ್ತೆ ಮಾಣಿಕಮ್ಮನವರ ಹೊಲಿಗೆ ಮಷೀನು ಇತ್ತು. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದೆ ಅವರು ಹೊಲಿಗೆ ಬಿಟ್ಟರು. ಐಟಿಐ ಓದಿ ಸುಮ್ಮನೆ ಕೂತಿದ್ದ ನಾನು ಮಷೀನನ್ನು ಮೂಲೆಗೆ ತಳ್ಳಿ ಅಲ್ಲಿ ರಿಪೇರಿ ಟೇಬಲ್ ಹಾಕಿದೆ. ಅಂದಿನಿಂದ ಅತ್ತೆಯ ಮುಖ ಊದಿಕೊಂಡೇ ಇತ್ತು.

“ಪಂಚಶೀಲಾ, ಸೋಮವಾರದೊಳಗ ಒಬ್ಬರದಾದ್ರೂ ಸಾಮಾನು ರಿಪೇರಿ ಮಾಡಿ ಕೊಡು. ಇಲ್ಲಂದ್ರ ಕಿಟಕಿ ನಂದು,” ಎಂದರು.

“ಆಗಲಿ ತಗೋರಿ ಅತ್ತಿ!” ಎಂದೆ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ.

ಗುಜರಿ ಅಂಗಡಿಯಿಂದ ಹಳೆಯ ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬಿ ತಂದಿದ್ದೆ. ಹಸಿರು ವೈರು, ಕಪ್ಪು ವೈರುಗಳ ನಡುವೆ ಸ್ವಿಚ್ಚು ಹಾಕಿದರೆ ಚಾಲು ಆಗುತ್ತದೆ. ಹಳದಿ ವೈರಿನಲ್ಲಿ ಹನ್ನೆರಡು ವೋಲ್ಟು ಸಿಗುತ್ತದೆ. ಆದರೆ ಈ ಡಬ್ಬಿಗೊಂದು ಚಾಳಿ. ಕರೆಂಟು ಎಳೆಯುವ ಸಾಮಾನೇನೂ ಜೋಡಿಸದೆ ಖಾಲಿ ಬಿಟ್ಟರೆ, ಚಾಲು ಆದ ಕೂಡಲೇ ಬಂದ್. ಅದಕ್ಕೇ ಟ್ರ್ಯಾಕ್ಟರಿನ ಬಲ್ಬೊಂದನ್ನು ಕಟ್ಟಿದ್ದೆ. ಕೆಲಸ ಮಾಡುವಷ್ಟು ಹೊತ್ತೂ ಉರಿಯುತ್ತಿತ್ತು.

ಸೋಮವಾರ ಇಜೇರಿಯ ಅಂಬಾರಾಯ ಔಷಧ ಹೊಡೆಯುವ ಬ್ಯಾಟರಿ ಪಂಪು ತಂದ. “ಬ್ಯಾಟರಿ ಹೋಗ್ಯಾದೋ ಮೋಟಾರ ಹೋಗ್ಯಾದೋ, ನೋಡ್ರಿ ಅಕ್ಕೋರ.”

ಮೊದಲು ವೋಲ್ಟು ನೋಡಿ, ಆಮೇಲೆ ಸಾಮಾನು ಜೋಡಿಸುವುದು ನನ್ನ ರೂಢಿ. ಸ್ವಿಚ್ಚು ಒತ್ತಿದೆ. ಡಬ್ಬಿಯ ಫ್ಯಾನು ಕೊಸರಿ ನಿಂತಿತು. ಮತ್ತೆ ಒತ್ತಿದೆ. ಅದೇ ಹಾಡು. ಅಂಬಾರಾಯ ಪಂಪನ್ನು ಹೆಗಲಿಗೇರಿಸಿದ. “ಇರಲಿ ಬಿಡ್ರಿ, ಬ್ಯಾರೆ ಕಡಿ ತೋರಿಸ್ತೇನಿ.”

ಆಗ ಕಂಡಿತು, ಬಲ್ಬು ಇರಲಿಲ್ಲ. ಅತ್ತೆ ಅದನ್ನು ಸೆರಗಿನಲ್ಲಿ ಒರೆಸುತ್ತ ಕೂತಿದ್ದರು.

“ಹಾಡಹಗಲಿ ದೀಪ ಯಾಕ ಬೇ? ನಾನೇ ತೆಗದಿಟ್ಟೇನಿ.”

“ಅಯ್ಯ ಅತ್ತೀ! ಅದು ಬೆಳಕಿಗಲ್ರಿ! ಕೆಲಸಿಲ್ದ ಖಾಲಿ ಕುಂತ್ರ ಈ ಡಬ್ಬಿ ಸಾಯ್ತದ್ರಿ!”

ಅತ್ತೆ ಬಲ್ಬನ್ನು ನನ್ನ ಕೈಗಿಟ್ಟರು. “ಹಂಗಾರ ನನ್ನ ಯಾಕ ಖಾಲಿ ಕುಂಡ್ರಿಸಿದಿ ಬೇ?”

ನಾನು ಅಂಬಾರಾಯನನ್ನು ತಡೆದು ಪಂಪು ಇಳಿಸಿಕೊಂಡೆ. ಬಲ್ಬು ಸಿಕ್ಕಿಸಿದೆ, ಡಬ್ಬಿ ಬಂದ್ ಆಗದೆ ನಡೆಯಿತು. ಪಂಪಿನ ವೈರು ಜೋಡಿಸಿದರೆ ಮೋಟಾರು ಗುರ್ ಎಂದಿತು. ಅಂದರೆ ಬ್ಯಾಟರಿಯೇ ಸತ್ತಿತ್ತು. ಹೊಸದು ಹಾಕಿಕೊಟ್ಟೆ, ಅಂಬಾರಾಯ ಖುಷಿಯಿಂದ ಹೋದ. ಕಿಟಕಿ ನನ್ನದಾಯಿತು. ಆದರೆ ಗೆದ್ದ ಖುಷಿ ಎಲ್ಲಿಯದು?

ಮೂಲೆಯ ಮಷೀನನ್ನು ಎಳೆದು ನನ್ನ ಟೇಬಲ್ಲಿನ ಪಕ್ಕಕ್ಕೆ ತಂದೆ. ಬಲ್ಬಿನ ವೈರು ಉದ್ದ ಮಾಡಿ ಸೂಜಿಯ ಮೇಲೇ ಇಳಿಬಿಟ್ಟೆ. ಅತ್ತೆ ದಾರದ ತುದಿ ಬಾಯಲ್ಲಿ ತೇವ ಮಾಡಿ, ಕಣ್ಣು ಕಿರಿದಾಗಿಸಿ, ಪೋಣಿಸಿಯೇಬಿಟ್ಟರು. ನನ್ನತ್ತ ನೋಡಲೇ ಇಲ್ಲ, ಬಟ್ಟೆ ಹುಡುಕಲು ಎದ್ದರು.

ಈಗ ನಾನು ಕೆಲಸ ಮುಗಿಸಿ ಸ್ವಿಚ್ಚಿಗೆ ಕೈ ಹಾಕಿದರೆ ಸಾಕು, ಗದರುತ್ತಾರೆ.

“ಕೈ ತಗಿ ಬೇ! ಇನ್ನೂ ಒಂದು ಜಂಪರ ಹೊಲಿಯೋದು ಬಾಕಿ ಅದ.”