ರೈಟ್ರು ಕೊಡದ ಫೋಟೋ

"ತಡೀರಿ ಭಾವ, ತಡೀರಿ! ಆ ಅಂಗಿ ಜೇಬು ನೋಡಿಲ್ಲ ನಾನು" ಎನ್ನುತ್ತ ವಿಮಲಮ್ಮ, ಗಂಡನ ಹೆಣಕ್ಕೆ ತೊಡಿಸಲು ತೆಗೆದಿಟ್ಟ ಬಿಳಿ ಅಂಗಿಯನ್ನು ಭಾವ ದೇವೇಂದ್ರರ ಕೈಯಿಂದ ಕಿತ್ತುಕೊಂಡರು. ಜೇಬಿಗೆ ಎರಡು ಬೆರಳು ತೂರಿಸಿ ತಲೆಕೆಳಗು ಮಾಡಿದರು. ಉಗುರುದ್ದದ ಬಿಳಿ ಪೊಟ್ಟಣಗಳು ಪಟಪಟನೆ ಚಾಪೆಯ ಮೇಲೆ ಉದುರಿದವು.

"ಏನಮ್ಮ ಇದು, ಮಾತ್ರೆಯಾ?"

"ಮಾತ್ರೆಯೂ ಅಲ್ಲ ಮಣ್ಣೂ ಅಲ್ಲ. ಹೊಸ ಚಪ್ಪಲಿ ಡಬ್ಬಿಲಿ ಬರ್ತದಲ್ಲ, ತೇವ ಕುಡಿಯೋ ಕಾಳು. ಇವ್ರ ಕ್ಯಾಮೆರಾದ ಗಾಜಿಗೆ ಬೂಸ್ಟು ಹಿಡೀಬಾರ್ದು ಅಂತ ಇದು. ಮೂಡಿಗೆರೆಲಿ ಇವ್ರು ಕೈಯೊಡ್ಡದೆ ಬಿಟ್ಟಿರೋ ಚಪ್ಪಲಿ ಅಂಗಡಿ ಇಲ್ಲ. ಲೆನ್ಸ್ ಜೊತೆ ಅಕ್ಕಿ ಡ್ರಮ್ಮಿಗೆ ಹಾಕಿಡೋರು. ಒಂದ್ಸಲ ನಾನು ನೋಡದೆ ಒಂದು ಪೊಟ್ಟಣ ಅನ್ನದ ಜೊತೆ ಬೇಯಿಸಿಬಿಟ್ಟೆ. ಉಂಡ್ಮೇಲೆ ಮೂರು ದಿನ ನಮ್ಮನೇಲಿ ಯಾರಿಗೂ ಬೆವರೇ ಬರ್ಲಿಲ್ಲ!"

ಹೆಣದ ಸುತ್ತ ಕೂತ ಹೆಂಗಸರಲ್ಲಿ ಇಬ್ಬರು ಗೋಡೆಯ ಕಡೆ ತಿರುಗಿ ನಕ್ಕರು. ಮಗಳು ನಾಗಶ್ರೀ ಮೂಗು ಒರೆಸಿಕೊಂಡು, "ಅಮ್ಮಾ, ಇವತ್ತಾದ್ರೂ ಸುಮ್ನಿರು" ಅಂದಳು.

"ಇವತ್ತೇನು ಹೊಸದು? ನಲವತ್ತೈದು ವರ್ಷ ನಾನು ಮಾತಾಡಿದೆ, ಅವ್ರು ಸುಮ್ನಿದ್ರು. ಇವತ್ತೂ ಹಂಗೇ ಇದೆ."

ಹಾಗೆಂದವರು ಒಂದೊಂದೇ ಪೊಟ್ಟಣ ಹೆಕ್ಕಿ ಸೆರಗಿನ ತುದಿಗೆ ಕಟ್ಟಿಕೊಂಡರು.

ವಿಮಲಮ್ಮನ ಗಂಡ ರಂಗನಾಥ, ಜಾವಳಿ ಊರಿನ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಮೂವತ್ತೇಳು ವರ್ಷ ರೈಟರ್ ಆಗಿದ್ದವರು. ವಾರವಿಡೀ ಆಳುಗಳ ಹಾಜರಿ ಬರೆಯುವುದು, ಭಾನುವಾರ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಗುಡ್ಡ ಹತ್ತುವುದು. ಮೊಳದುದ್ದದ ಆ ಲೆನ್ಸಿಗೆ ವಿಮಲಮ್ಮ ಸೋರೆಕಾಯಿ ಅಂತ ಹೆಸರಿಟ್ಟಿದ್ದರು. ಹಕ್ಕಿ ಎಲ್ಲಿ ಕೂತಿದೆ ಎಂದು ತೋರಿಸುವವನು, ಮೂರು ಕಾಲಿನ ಸ್ಟ್ಯಾಂಡು ಹೊರುವವನು ಎಸ್ಟೇಟಿನ ಆಳುಗಳ ಸಾಲುಮನೆ, ಅಂದರೆ ಲೈನ್ ಮನೆಯ ಕೆಂಚಯ್ಯ. ಹಕ್ಕಿ ಸಿಗದ ದಿನ ರೈಟರು ಲೈನಿನ ಜನರದ್ದೇ ಫೋಟೋ ತೆಗೆಯುವರು. ಇಬ್ಬರೂ ಇಪ್ಪತ್ತು ವರ್ಷ ಹೀಗೇ ತಿರುಗಿದರು. ಎರಡು ವರ್ಷದಿಂದ ಕೆಂಚಯ್ಯ ಈ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

ಇವತ್ತು ಬಂದಿದ್ದ. ಆದರೆ ಕಣದ ಆಚೆ ತುದಿಯಲ್ಲಿ, ಒಣಗಲು ಹರಡಿದ ಕಾಫಿ ಹಣ್ಣಿನ ಪಕ್ಕ ನಿಂತವನು ಬೆಳಿಗ್ಗೆಯಿಂದ ಒಂದು ಹೆಜ್ಜೆ ಮುಂದೆ ಇಟ್ಟಿರಲಿಲ್ಲ.

ಅಂಗಿ ತೊಡಿಸಿ ಮುಗಿಸಿದ ದೇವೇಂದ್ರ ಕಿಟಕಿಯಿಂದ ನೋಡಿದರು. "ಎಲ್ರೂ ಹೂವು ಹಾಕಿ ಆಯ್ತು. ಅವನೊಬ್ಬ ಉಳಿದಿದಾನೆ. ಇನ್ನೊಂದು ಗಂಟೆಲಿ ಎತ್ತಬೇಕು. ಮುನಿಸು ಇಟ್ಕೊಂಡೋರನ್ನ ಹಂಗೇ ಬಿಟ್ಟು ಹೋದೋರನ್ನ ಕಳಿಸ್ಬಾರ್ದಮ್ಮ."

"ನಾನು ಕರೀತೀನಿ. ಬರದಿದ್ರೆ ಕಿವಿ ಹಿಡ್ಕೊಂಡು ಎಳ್ಕೊಂಡು ಬರ್ತೀನಿ" ಎಂದು ವಿಮಲಮ್ಮ ಎದ್ದರು.

ಕಣದ ಅಂಚಿನಲ್ಲೇ ನಡೆದು ಅವನ ಎದುರು ನಿಂತರು. "ಏನಯ್ಯಾ, ಕಾಫಿ ಕಾಯೋಕೆ ಬಂದ್ಯಾ, ರೈಟ್ರನ್ನ ಕಳಿಸೋಕೆ ಬಂದ್ಯಾ?"

"ಬಂದಿದೀನಲ್ಲ ಅಮ್ಮಾ. ಅಷ್ಟು ಸಾಕು."

"ಒಂದು ಹೂವು ಹಾಕು ಬಾ."

ಕೆಂಚಯ್ಯ ನೆಲ ನೋಡುತ್ತ ಮೆಲ್ಲಗೆ ಶುರು ಮಾಡಿದ. "ನಾಲ್ಕು ವರ್ಷ ಆಯ್ತು ನಮ್ಮನೆ ಅಣ್ಣಮ್ಮ ಹೋಗಿ. ತಿಥಿಗೆ ಇಡೋಕೆ ಒಂದು ಫೋಟೋ ಬೇಕು ಅಂತ ರೈಟ್ರಿಗೆ ಕೇಳ್ದೆ. ನೀವು ತೆಗ್ದಿದ್ರಲ್ಲ, ಅದು ಕೊಡಿ ಅಂದೆ. ನಾಳೆ ಕೊಡ್ತೀನಿ ಮಾರಾಯ ಅಂದ್ರು. ಹುಡುಕ್ತಿದೀನಿ ಅಂದ್ರು. ಎರಡು ವರ್ಷ ಅಲೆದೆ. ಹಕ್ಕಿ ತೋರ್ಸಿದೋನು ನಾನು. ನಾನೇನು ಹಕ್ಕಿ ಫೋಟೋ ಕೇಳಿದ್ನಾ? ನನ್ ಹೆಂಡ್ತಿದೊಂದು ಕೇಳ್ದೆ."

"ಬೇರೆ ಯಾವ್ದೂ ಇಲ್ವೇನೋ?"

"ಕ್ಯಾಮೆರಾ ಕಂಡ್ರೆ ಓಡೋಳು. ಆಧಾರ್ ಕಾರ್ಡಲ್ಲಿ ಒಂದಿದೆ. ಅದು ಅವಳಲ್ಲ ಅಮ್ಮಾ, ಯಾರೋ ಪೊಲೀಸ್ನೋರು ಹಿಡ್ಕೊಂಡು ಬಂದ ಹೆಂಗ್ಸು. ಈಗೀಗ ನಂಗೆ ಮುಖ ನೆನಪಿಗೆ ಬರ್ತಿಲ್ಲ. ಕನಸಲ್ಲಿ ಬಂದ್ರೂ ಆ ಕಾರ್ಡಿನ ಮುಖವೇ ಬರ್ತದೆ."

ವಿಮಲಮ್ಮ ಸೆರಗಿನ ಗಂಟು ಬಿಗಿ ಮಾಡಿಕೊಂಡರು. ಕೆಂಚಯ್ಯ ಮುಂದುವರಿಸಿದ.

"ನೀವೇ ಹೇಳ್ತಿದ್ರಲ್ಲ, ನಮ್ಮನೆಯೋರು ಕಿಡ್ನಿ ಬೇಕಾದ್ರೂ ಬಿಚ್ಚಿ ಕೊಡ್ತಾರೆ, ಫೋಟೋ ಕೊಡಲ್ಲ ಅಂತ."

ಹೇಳಿದ್ದು ನಿಜ. ಬಸ್ ಸ್ಟ್ಯಾಂಡಿನಲ್ಲಿ ಹೇಳಿದ್ದರು, ಮದುವೆ ಊಟದ ಪಂಕ್ತಿಯಲ್ಲಿ ಹೇಳಿದ್ದರು, ಗಂಡ ಪಕ್ಕದಲ್ಲಿ ಕೂತು ಪಾಯಸ ಕುಡಿಯುತ್ತಿರುವಾಗಲೇ ಹೇಳಿದ್ದರು. ಊರೆಲ್ಲ ನಕ್ಕಿತ್ತು. ಅವರೂ ನಕ್ಕಿದ್ದರು.

"ಇಲ್ಲೇ ಇರು. ಎತ್ತೋದ್ರೊಳಗೆ ನಿನ್ ಹೆಂಡ್ತಿನ ತಂದು ನಿನ್ ಕೈಗೆ ಕೊಡ್ತೀನಿ" ಅಂದು ವಿಮಲಮ್ಮ ಮನೆಯ ಕಡೆ ತಿರುಗಿದರು.

ಸುರೇಂದ್ರ ಅಂಗಳದ ಬೆಂಚಿನ ಮೇಲೆ ಕೂತಿದ್ದ. ಮೂಡಿಗೆರೆಯಲ್ಲಿ ಅವನದು ಕಂಪ್ಯೂಟರ್ ಅಂಗಡಿ. ರೈಟರ ಕಂಪ್ಯೂಟರನ್ನು ಬಿಡಿಬಿಡಿ ಸಾಮಾನು ತಂದು ಜೋಡಿಸಿದವನೂ ಅವನೇ. ವಿಮಲಮ್ಮ ಅವನನ್ನು ಎಬ್ಬಿಸಿ ಒಳಕೋಣೆಗೆ ಕರೆದೊಯ್ದರು.

"ಹಾಕು ಇದನ್ನ. ಕೆಂಚಯ್ಯನ ಹೆಂಡ್ತಿ ಫೋಟೋ ತೆಗಿ. ನಿನ್ ಫೋನಿಗೆ ಹಾಕ್ಕೊಂಡು ಅವನಿಗೆ ತೋರ್ಸು, ಆಮೇಲೆ ದೊಡ್ದು ಮಾಡಿ ಕೊಟ್ರಾಯ್ತು."

ಸುರೇಂದ್ರ ಸ್ವಿಚ್ ಮುಟ್ಟಲಿಲ್ಲ. "ಇದ್ರಲ್ಲಿಲ್ಲ ಅಕ್ಕಾ. ಇದ್ರಲ್ಲಿ ಜಾಗ ಸಾಲ್ದೆ ಹಳೇದೆಲ್ಲ ಹಾರ್ಡ್ ಡಿಸ್ಕಿಗೆ ಹಾಕಿದ್ರು ಅಣ್ಣ."

"ಆ ಕರಿ ಡಬ್ಬಿಗಾ? ಹಂಗಾದ್ರೆ ಅದನ್ನ ಹುಡುಕು."

"ಅದು ಸತ್ತು ಐದು ವರ್ಷ ಆಯ್ತು."

"ಸತ್ತಿತಾ? ಹೆಂಗೆ?"

"ಹೊಗೆ, ಕಾವು. ಪ್ಲಾಸ್ಟಿಕ್ಕು ಸೊಟ್ಟಗಾಗಿತ್ತು. ಬಿಚ್ಚಿದ್ರೆ ಒಳಗೆಲ್ಲ ಮಸಿ, ಒಣಮೀನಿನ ವಾಸ್ನೆ. ಬೆಂಗಳೂರಿಗೂ ಕಳಿಸ್ದೆ ಅಕ್ಕಾ, ಒಂದು ಫೋಟೋನೂ ವಾಪಸ್ ಬರ್ಲಿಲ್ಲ. ಇಷ್ಟು ತಿಳಿದೋರು ಇದನ್ನ ಒಲೆ ಮೇಲೆ ಇಡೋದಾ ಅಂತ ಬೈದೆ. ಹೌದು ಮಾರಾಯ, ನಂಗೇ ಬುದ್ಧಿ ಕೆಟ್ಟಿತ್ತು, ನಾನೇ ಇಟ್ಟೆ ಅಂದ್ರು. ಯಾರಿಗೂ ಹೇಳ್ಬೇಡ, ಮನೇಲಂತೂ ಉಸಿರೇ ಎತ್ಬೇಡ ಅಂತ ಮಾತು ತಗೊಂಡಿದ್ರು. ಇವತ್ತು ನೀವು ಕೇಳಿದ್ರಿ ಅಂತ..."

ವಿಮಲಮ್ಮ ಗಂಡನ ಕುರ್ಚಿಯ ಮೇಲೆ ಕೂತರು.

* * *

ಐದು ವರ್ಷದ ಹಿಂದಿನ ಆಷಾಢ. ರಂಗನಾಥ ಸೋರೆಕಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಸಣ್ಣ ಮುಖ ಮಾಡಿಕೊಂಡಿದ್ದರು. ಗಾಜಿನ ಒಳಗೆ ಜೇಡರಬಲೆಯಂಥ ಬಿಳಿ ಎಳೆ.

"ಬೂಸ್ಟು ವಿಮಲಾ. ಒಳಗೇ ಹತ್ತಿದೆ."

"ಅಯ್ಯೋ, ಮಗುಗೆ ಮಲೇರಿಯಾ ಬಂದೋರ ಥರ ಆಡ್ತೀರಲ್ಲ. ಒರೆಸಿದ್ರೆ ಹೋಗ್ತದೆ."

ಹೋಗುವಂಥದ್ದಲ್ಲ ಅಂದರು. ಆ ರಾತ್ರಿ ಊಟಕ್ಕೆ ಕೂತವರು ಅರ್ಧಕ್ಕೇ ಎದ್ದರು. ವಿಮಲಮ್ಮ ಅದನ್ನೂ ಆಡಿಕೊಂಡರು, ಆದರೆ ಎಂಜಲು ತಟ್ಟೆ ಎತ್ತಿದ ಮೇಲೆ ಸೋರೆಕಾಯಿಯನ್ನು ತಾವೇ ಸೆರಗಿನಿಂದ ಒರೆಸಿ ನೋಡಿದರು.

ಮರುವಾರ ರಂಗನಾಥ ಕಣ್ಣಿನ ಪೊರೆ ತೆಗೆಸಲು ಮಂಗಳೂರಿಗೆ ಹೋದರು. ಹದಿನೈದು ದಿನ. ಮಂಚದ ಕೆಳಗಿನ ಚಪ್ಪಲಿಯಿಂದ ಗೋಡೆಯ ಮೇಲಿನ ದೇವರವರೆಗೆ ಎಲ್ಲಕ್ಕೂ ಬೂಸ್ಟು. ಮೇಜಿನ ಮೇಲೆ ಆ ಕರಿ ಡಬ್ಬಿ. ಅದರಲ್ಲಿ ಎಲ್ಲ ಫೋಟೋ ಇವೆ ಎಂದು ಗೊತ್ತಿತ್ತು. ವಿಮಲಮ್ಮ ಮುಟ್ಟಿ ನೋಡಿದರು, ತಣ್ಣಗಿತ್ತು. ಗಾಜಿಗೇ ಹಿಡಿದ ಬೂಸ್ಟು ಫೋಟೋಗೆ ಹಿಡಿಯದೆ ಬಿಟ್ಟೀತೇ? ತಮ್ಮ ಮೆತ್ತನೆಯ ಹಳೇ ಸೀರೆಯಲ್ಲಿ ಅದನ್ನು ಸುತ್ತಿ, ಏಣಿ ಹಾಕಿ, ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಹತ್ತಿಸಿದರು. ಬೀಜದ ಸೌತೆಕಾಯಿ, ಒಣಮೀನು, ಸೌದೆ, ಎಲ್ಲ ಮಳೆಗಾಲ ಕಳೆಯುವ ಜಾಗ ಅದು. ಕೆಳಗೆ ಹಗಲೂ ಇರುಳೂ ಬೆಂಕಿ.

ಗಂಡ ವಾಪಸಾದ ದಿನ ತಾವೇ ಹತ್ತಿ ಇಳಿಸಿ, ಬಾಣಂತಿ ಮಗು ತೋರಿಸಿದ ಹಾಗೆ ಸೀರೆ ಬಿಚ್ಚಿ ತೋರಿಸಿದರು. "ಹೆಂಗೆ? ಒಂದು ಹನಿ ತೇವ ಇಲ್ಲ. ನಾನಿಲ್ದಿದ್ರೆ ನಿಮ್ಮ ಹಕ್ಕಿಗೆಲ್ಲ ರೆಕ್ಕೇಲಿ ಬೂಸ್ಟು ಬರ್ತಿತ್ತು."

ರಂಗನಾಥ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಹೆಂಡತಿಯ ಮುಖವನ್ನೂ ನೋಡಿದರು. ಅವರ ಹೊಸ ಕಣ್ಣಿಗೆ ಎರಡೂ ಚೆನ್ನಾಗಿ ಕಂಡಿರಬೇಕು.

"ಬೆಚ್ಚಗಿದೆ" ಅಂದರು, ಅಷ್ಟೇ.

ಸಂಜೆ ಚೀಲ ಹಿಡಿದು ಮೂಡಿಗೆರೆ ಬಸ್ಸು ಹತ್ತಿದರು. ಪೊಟ್ಟಣ ಬೇಡಲು ಹೋದರು ಅಂತ ವಿಮಲಮ್ಮ ಅಂದುಕೊಂಡರು, ಪಕ್ಕದ ಮನೆಯವರಿಗೂ ಹಾಗೇ ಹೇಳಿ ನಗಿಸಿದರು.

* * *

ಅಂಗಳದಲ್ಲಿ ಚಟ್ಟ ಕಟ್ಟಿ ಮುಗಿದಿತ್ತು. ವಿಮಲಮ್ಮ ಬರಿಗೈಯಲ್ಲಿ ಕಣ ದಾಟಿದರು. ಏನಾಯಿತೆಂದು ನೋಡಲು ನಾಲ್ಕಾರು ಜನ ಹಿಂದೆಯೇ ಬಂದರು.

"ಕೆಂಚಯ್ಯಾ, ಫೋಟೋ ಇಲ್ಲ. ಅಣ್ಣಮ್ಮ ಹೋಗೋಕೆ ಒಂದು ವರ್ಷ ಮೊದ್ಲೇ ಅದು ಹೋಗಿತ್ತು. ಡಬ್ಬಿನ ಒಲೆ ಮೇಲಿಟ್ಟು ಸುಟ್ಟೋಳು ನಾನು. ಇವ್ರು ನನ್ ಹೆಸ್ರು ಹೇಳ್ಲಿಲ್ಲ. ನಿನ್ ಹತ್ರ ಸುಳ್ಳುಗಾರ ಆದ್ರು, ನನ್ ಬಾಯಲ್ಲಿ ಜಿಪುಣ ಆದ್ರು."

ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದರು. ಯಾರೂ ನಗಲಿಲ್ಲ. ಯಾರೂ ನಂಬಿದ ಹಾಗೂ ಕಾಣಲಿಲ್ಲ.

ಕೆಂಚಯ್ಯ ತಲೆ ಅಲ್ಲಾಡಿಸಿದ. "ಬೇಡಮ್ಮಾ. ಹೋದೋರ ಮರ್ಯಾದೆ ಉಳಿಸೋಕೆ ಹೇಳ್ತಿದೀರಿ. ನಿಮ್ ಮಾತಲ್ಲಿ ನಾಲ್ಕಾಣೆಯಷ್ಟೇ ನಿಜ ಅಂತ ಇಡೀ ಜಾವಳಿಗೆ ಗೊತ್ತು."

ಸುಳ್ಳಾದರೆ ನನ್ನ ನೆತ್ತಿ ಮೇಲೆ ಬೆಟ್ಟ ಕಳಚಿ ಬೀಳಲಿ ಎನ್ನುವುದು ವಿಮಲಮ್ಮನ ಅಭ್ಯಾಸದ ಮಾತು. ಅದು ತುದಿ ನಾಲಿಗೆಗೆ ಬಂತು. ನುಂಗಿಕೊಂಡರು.

"ಆ ಫೋಟೋ ನಾನು ನೋಡಿದೀನಿ" ಅಂದರು. "ತೆಗೆದ ದಿನ ಕಂಪ್ಯೂಟರಲ್ಲಿ ತೋರ್ಸಿದ್ರು. ಹಣ್ಣು ತೂಕ ಹಾಕೋ ಜಾಗ. ಹಿಂದೆ ಮೂರು ಚೀಲ. ತಲೆಗೆ ಹಸಿರು ಟವೆಲ್ ಕಟ್ಟಿದಾಳೆ. ಮೈಮೇಲೆ ಗಂಡಸ್ರ ತುಂಬುತೋಳಿನ ಅಂಗಿ, ನಿಂದೇ ಇರ್ಬೇಕು. ಎಡದ ತೋಳು ಮಡಚಿದಾಳೆ, ಬಲದ್ದು ಮಡಚಿಲ್ಲ. ಕುಂಕುಮ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿದೆ."

ಕೆಂಚಯ್ಯ ನೆಲದಿಂದ ಕಣ್ಣೆತ್ತಿದ.

"ಇವ್ರು ಕ್ಯಾಮೆರಾ ಎತ್ತಿದ್ದು ಕಂಡು ನಗು ಬಂದಿದೆ. ಮುಂದಿನ ಹಲ್ಲು ಕಾಣ್ಬಾರ್ದು ಅಂತ ಬಾಯಿಗೆ ಕೈ ಅಡ್ಡ ಹಿಡಿದಿದಾಳೆ. ಅಂಗೈ ಅಲ್ಲ. ಅಂಗೈಯೆಲ್ಲ ಹಣ್ಣಿನ ಅಂಟು. ಮಣಿಕಟ್ಟಿನ ಹಿಂಬದಿ."

"ಕಣ್ಣು?"

"ಒಂದು ಸಣ್ಣ ಮಾಡಿದಾಳೆ. ಬಿಸಿಲು."

"ಆಮೇಲೆ?"

"ಆಮೇಲೇನಿಲ್ಲ. ಅಷ್ಟೇ ಇತ್ತು."

ಇನ್ನೇನೋ ಸೇರಿಸುತ್ತಾರೆಂದು ಅವನು ಕಾದ. ಹಿಂದೆ ನಿಂತವರೂ ಕಾದರು. ವಿಮಲಮ್ಮ ಏನೂ ಸೇರಿಸಲಿಲ್ಲ.

"ಹೊತ್ತಾಯ್ತು!" ಎಂದು ದೇವೇಂದ್ರ ಅಂಗಳದಿಂದ ಕೂಗಿದರು.

ಕೆಂಚಯ್ಯ ಕಣ ದಾಟಿ ಬಂದ. ಚಪ್ಪಲಿ ಬಿಟ್ಟ. ಬುಟ್ಟಿಯ ತಳದಲ್ಲಿ ಉಳಿದಿದ್ದ ಸೇವಂತಿಗೆಯನ್ನು ಬಾಚಿ ರೈಟರ ಪಾದದ ಮೇಲೆ ಹಾಕಿ, ಬಗ್ಗಿ ನಿಂತು ಬಹಳ ಹೊತ್ತು ಏಳಲಿಲ್ಲ. ಆಮೇಲೆ ಅವನೂ ಸೇರಿ ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟರು.

ಹೆಂಗಸರು ಅಂಗಳದಲ್ಲೇ ಉಳಿದರು. ವಿಮಲಮ್ಮ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಹರಡಿದ ಕಾಫಿ ಹಣ್ಣಿನ ನಡುವೆ ಬಿಟ್ಟ ಸಣ್ಣ ದಾರಿಯಲ್ಲಿ ಜನ ಒಬ್ಬರ ಹಿಂದೊಬ್ಬರು ಸಾಗಿದರು. ದಾರಿ ಪಕ್ಕಕ್ಕೆ ತಿರುಗಿದಲ್ಲಿ ಕೆಂಚಯ್ಯನ ಮುಖ ಕಂಡಿತು. ಎಡಗೈಯಲ್ಲಿ ಚಟ್ಟದ ಹಿಂದಿನ ಬಿದಿರು ಹಿಡಿದುಕೊಂಡಿದ್ದ. ಬಿಸಿಲಿಗೆ ಒಂದು ಕಣ್ಣು ಸಣ್ಣ ಮಾಡಿದ್ದ. ಬಲಗೈ ಮೇಲಕ್ಕೆ ಎದ್ದು, ಮಣಿಕಟ್ಟಿನ ಹಿಂಬದಿ ಅವನ ಬಾಯಿಗೆ ಅಡ್ಡವಾಗಿ ನಿಂತಿತ್ತು.